ಏರಿನಲ್ಲಿ ಕುದಿಯುವ ಕಾರು

ಸಪಾಟು ರಸ್ತೆಯಲ್ಲಿ ಕಾರು ಹೇಳಿದ ಮಾತು ಕೇಳುತ್ತಿತ್ತು. ಬೆಟ್ಟದ ಏರು ಸಿಕ್ಕಿತೋ, ಅದಕ್ಕೆ ಜ್ವರ ಬರುತ್ತಿತ್ತು.

ಕಾರು ಅತ್ತಿಗೆಯದು. ಅದಕ್ಕೆ ಸೂಪರ್‌ಚಾರ್ಜರ್ ಕೂರಿಸಿದವಳು ನಾದಿನಿ. ಮನೆಯಲ್ಲೂ ಬೀದಿಯಲ್ಲೂ ಅವಳನ್ನು ಕರೆಯುತ್ತಿದ್ದದ್ದು ಚೋಟು ಎಂದೇ. ಆಳು ಅಷ್ಟೇ ಇದ್ದಳು. ರಿಪೇರಿಗೆ ಬಂದ ಕಾರುಗಳಲ್ಲಿ ಅರ್ಧದಷ್ಟರ ಅಡಿಗೆ ಜಾಕ್ ಏರಿಸದೆಯೇ ನುಸುಳಿಬಿಡುತ್ತಿದ್ದಳು. ಅಪ್ಪ ಕಟ್ಟಿಸಿದ ಗ್ಯಾರೇಜು ಮನೆಗೆ ಅಂಟಿಕೊಂಡೇ ಇತ್ತು. ಅಡುಗೆಮನೆಯ ಹಿಂಬಾಗಿಲು ತೆಗೆದರೆ ಸಾಕು, ಗ್ರೀಸಿನ ವಾಸನೆ ಒಳಗೆ ಬರುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಗ್ಯಾರೇಜನ್ನು ಚೋಟು ನೋಡಿಕೊಂಡಳು. ಅಣ್ಣನಿಗೆ ಅದು ಮೊದಲಿನಿಂದಲೂ ಒಗ್ಗಿರಲಿಲ್ಲ. ಅವನದು ಪೇಟೆಬೀದಿಯಲ್ಲಿ ಕನ್ನಡಕದ ಅಂಗಡಿ. ಸಾಸಿವೆಯಷ್ಟು ಸಣ್ಣ ಸ್ಕ್ರೂಗಳು, ಮೆತ್ತನೆ ಬಟ್ಟೆ, ಮೆತ್ತನೆ ಮಾತು. ಮದುವೆಯಾದಾಗಿನಿಂದ ಹೆಂಡತಿಯ ಮೇಲೆ ಅವನು ದನಿ ಏರಿಸಿದ್ದನ್ನು ಯಾರೂ ಕೇಳಿರಲಿಲ್ಲ. "ನಿನ್ನಿಷ್ಟ" ಅನ್ನುವುದು ಅವನ ಬಾಯಲ್ಲಿ ಸದಾ ತಯಾರಿರುತ್ತಿತ್ತು.

ಅತ್ತಿಗೆ ಡ್ರೈವಿಂಗ್ ಶಾಲೆಯಲ್ಲಿ ಕಲಿಸುತ್ತಿದ್ದಳು. ಊರಿನ ಅರ್ಧ ಜನಕ್ಕೆ ಕ್ಲಚ್ಚಿನಿಂದ ಕಾಲು ತೆಗೆಯುವುದು ಹೇಗೆಂದು ತೋರಿಸಿಕೊಟ್ಟವಳು ಅವಳೇ. ಇಡೀ ದಿನ ಇನ್ನೊಬ್ಬರ ನಡುಕದ ಪಕ್ಕದಲ್ಲಿ ಕೂತು, ಆಮೆಯ ವೇಗದಲ್ಲಿ ಅದೇ ಬೀದಿಗಳನ್ನು ಸುತ್ತಿ ಸುತ್ತಿ ಅವಳಿಗೆ ಸಾಕಾಗಿತ್ತು. ಒಂದು ಸಲವಾದರೂ ಕಾಲು ಪೂರ್ತಿ ಒತ್ತಿ ಓಡಿಸಬೇಕು ಅನ್ನುವುದು ಅವಳ ಆಸೆ. ಊರಾಚೆಯ ಬೆಟ್ಟದ ರಸ್ತೆಯಲ್ಲಿ ವರ್ಷಕ್ಕೊಮ್ಮೆ ಓಟದ ಸ್ಪರ್ಧೆ ನಡೆಯುತ್ತಿತ್ತು; ಒಂದೊಂದೇ ಕಾರು ಬುಡದಿಂದ ತುದಿಗೆ ಹತ್ತಬೇಕು, ಬೇಗ ಹತ್ತಿದವರು ಗೆದ್ದಂತೆ. ಈ ಸಲ ಅವಳು ಹೆಸರು ಕೊಟ್ಟೇಬಿಟ್ಟಳು. ಎರಡೇ ಬಾಗಿಲಿನ ಹಳೆಯ ಕಾರಿಗೆ ಏರಿನಲ್ಲಿ ಉಸಿರು ಸಾಲದು ಎಂದು ಚೋಟು ಸೂಪರ್‌ಚಾರ್ಜರ್ ತಂದಳು. ಎಂಜಿನ್ನಿನ ಬೆಲ್ಟಿನಿಂದಲೇ ತಿರುಗುತ್ತಾ, ಗಾಳಿಯನ್ನು ಒತ್ತಿ ಒತ್ತಿ ಎಂಜಿನ್ನಿನೊಳಕ್ಕೆ ತುಂಬುವ ಪಂಪು ಅದು. ಗಾಳಿ ಹೆಚ್ಚಿದರೆ ಬೆಂಕಿ ಹೆಚ್ಚು, ಬೆಂಕಿ ಹೆಚ್ಚಿದರೆ ಬಲ ಹೆಚ್ಚು. ಬಿಸಿಯೂ ಹೆಚ್ಚು.

ಓಟ ಭಾನುವಾರ. ಬುಧವಾರ ಮೊದಲ ಸಲ ಬೆಟ್ಟ ಹತ್ತಿಸಿದಾಗ ಅರ್ಧ ದಾರಿಯಲ್ಲೇ ಬಿಸಿ ತೋರಿಸುವ ಮುಳ್ಳು ಕೆಂಪಿನ ಹತ್ತಿರ ಬಂತು. ಅತ್ತಿಗೆ ಕಾರು ನಿಲ್ಲಿಸಿ, ಆರಿಸಿ, ಮೆಲ್ಲಗೆ ಇಳಿಸಿಕೊಂಡು ಬಂದಳು. ರೇಡಿಯೇಟರಿನಲ್ಲಿ ನೀರು ತುಂಬಿದ ಹಾಗೇ ಇತ್ತು. ಒಂದು ತೊಟ್ಟೂ ಕಡಿಮೆಯಾಗಿರಲಿಲ್ಲ.

ಗುರುವಾರವಿಡೀ ಚೋಟು ಒಂದೊಂದನ್ನೇ ನೋಡುತ್ತಾ ಬಂದಳು. ಫ್ಯಾನು ಸರಿಯಾದ ಹೊತ್ತಿಗೆ ತಿರುಗುತ್ತಿತ್ತು. ರೇಡಿಯೇಟರಿನ ಮುಂದೆ ಗಾಳಿಗೆ ಏನೂ ಅಡ್ಡವಿರಲಿಲ್ಲ. ನೀರಿನ ದಾರಿಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡಿರಬಹುದು ಎಂದು ಕಾರಿನ ಮೂತಿ ಎತ್ತರ ಮಾಡಿ ನಿಲ್ಲಿಸಿ ಗಾಳಿ ತೆಗೆದಳು. ಬಿಸಿಯಾದಾಗ ನೀರಿಗೆ ದಾರಿ ಬಿಡುವ ಥರ್ಮೋಸ್ಟಾಟನ್ನು ಬದಲಿಸಿದಳು. ಜೊತೆಗೆ ರೇಡಿಯೇಟರಿನ ಮುಚ್ಚಳವನ್ನೂ. ರಾತ್ರಿ ಊಟಕ್ಕೆ ಕೂತಾಗ ಅದನ್ನೇ ಹೇಳಿದಳು:

"ಹಳೇ ಮುಚ್ಚಳದ ಸ್ಪ್ರಿಂಗು ಮೆತ್ತಗಾಗಿತ್ತು ಅತ್ತಿಗೆ. ಅದು ಒತ್ತಡ ಹಿಡ್ಕೊಂಡಿದ್ರೇನೇ ನೀರು ನೂರು ಡಿಗ್ರಿ ದಾಟಿದ್ರೂ ಕುದಿಯಲ್ಲ. ಹಿಡೀಲಿಲ್ವಾ, ಪಾತ್ರೇಲಿಟ್ಟ ನೀರಿನ ಹಾಗೆ ಉಕ್ಕಿ ಹೊರಗೆ ಹೋಗುತ್ತೆ."

"ಹಾಗಾದ್ರೆ ನಾಳೆ ಹತ್ತುತ್ತಲ್ಲ?" ಎಂದಳು ಅತ್ತಿಗೆ.

"ಹತ್ತಬೇಕು."

ಅಣ್ಣ ತಟ್ಟೆಯಿಂದ ತಲೆ ಎತ್ತಲಿಲ್ಲ.

ಶುಕ್ರವಾರ ಅತ್ತಿಗೆ ಒಬ್ಬಳೇ ಹೋದಳು. ಹೋದ ಸ್ವಲ್ಪ ಹೊತ್ತಿಗೇ ಫೋನು ಬಂತು. ರಿಪೇರಿಯಾಗಿದೆ ಎಂದು ನಂಬಿ ಅವಳು ಈ ಸಲ ಬೇಗ ನಿಲ್ಲಿಸಿರಲಿಲ್ಲ; ಮುಳ್ಳು ಏರಿದ್ದಷ್ಟೇ ಅಲ್ಲ, ಬಾನೆಟ್ಟಿನ ಸಂದಿನಿಂದ ಹಬೆ ನುಗ್ಗಿ ಮುಂದಿನ ಗಾಜು ಮುಚ್ಚಿತ್ತು. ಒಂದು ತಿರುವನ್ನು ಅವಳು ಕಣ್ಣು ಕಾಣದೆ, ಬರೀ ಅಂದಾಜಿನ ಮೇಲೆ ದಾಟಿದ್ದಳು. ಕಾರನ್ನು ಕಟ್ಟಿಕೊಂಡು ಎಳೆದು ತರುವ ಹೊತ್ತಿಗೆ ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಚೋಟು ಮುಚ್ಚಳ ತಿರುಗಿಸಿ ನೋಡಿದರೆ ನೀರು ಅರ್ಧಕ್ಕರ್ಧ ಖಾಲಿ.

ನೀರು ಉಕ್ಕಿ ಹೋಗಿದೆ ಎಂದರೆ ಎಂಜಿನ್ನಿನ ತಲೆಯ ಕೆಳಗೆ ಸಂದು ಮುಚ್ಚುವ ಪದರ, ಗ್ಯಾಸ್ಕೆಟ್, ಹೋಗಿರಬಹುದು. ಸೂಪರ್‌ಚಾರ್ಜರ್ ತುಂಬಿದ ಒತ್ತಡ ತಡೆಯಲಾರದೆ ಹೊಗೆ ನೀರಿನೊಳಕ್ಕೆ ತೂರಿಕೊಳ್ಳುತ್ತಿರಬಹುದು. ಹಾಗಿದ್ದರೆ ಓಟದ ಮಾತೇ ಇಲ್ಲ. ನೀರು ತುಂಬಿ ಎಂಜಿನ್ ಶುರು ಮಾಡಿ, ಹೊಗೆ ಪತ್ತೆ ಮಾಡುವ ನೀಲಿ ದ್ರಾವಣದ ಕೊಳವೆಯನ್ನು ರೇಡಿಯೇಟರಿನ ಬಾಯಿಗೆ ಹಿಡಿದಳು. ಹೊಗೆ ಇದ್ದರೆ ಅದು ಹಳದಿಯಾಗಬೇಕು. ಎಂಜಿನ್ ಓಡುತ್ತಲೇ ಇತ್ತು, ಇಬ್ಬರೂ ಗಾಜಿನ ಕೊಳವೆಗೆ ಕಣ್ಣು ನೆಟ್ಟು ನಿಂತರು. ನೀಲಿ ನೀಲಿಯಾಗೇ ಉಳಿಯಿತು.

"ಗ್ಯಾಸ್ಕೆಟ್ ಅಲ್ಲ," ಎಂದಳು ಚೋಟು.

"ಮತ್ತೇನು?"

"ಗೊತ್ತಾಗ್ತಿಲ್ಲ ಅತ್ತಿಗೆ."

"ಗೊತ್ತಾಗ್ತಿಲ್ಲ ಅಂದ್ರೆ? ನೀನೇ ಬಿಚ್ಚಿದ್ದು, ನೀನೇ ಜೋಡಿಸಿದ್ದು. ಇವತ್ತು ನಾನು ಕಣ್ಮುಚ್ಚಿಕೊಂಡು ತಿರುವು ದಾಟಿದೀನಿ, ಗೊತ್ತಾ ನಿಂಗೆ? ನಿನ್ನ ಮೇಲೆ ನಂಬಿಕೆ ಇಟ್ಟು ಕೂತ್ಕೊಂಡೆ ನೋಡು, ನಂಗೆ ಬುದ್ಧಿ ಇಲ್ಲ."

ಚೋಟುವಿಗೂ ರೇಗಿತು. "ಸೂಪರ್‌ಚಾರ್ಜರ್ ಈ ಓಟಕ್ಕೇ ಬೇಕು ಅಂತ ಕುಣಿದಿದ್ದು ಯಾರು? ನಾನು ಇನ್ನೊಂದು ತಿಂಗಳು ಬೇಕು ಅಂದಿರ್ಲಿಲ್ವಾ?"

ಮಾತಿಗೆ ಮಾತು ಬೆಳೆಯಿತು. ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತಿದ್ದ ಅಣ್ಣ ಎಲ್ಲವನ್ನೂ ಕೇಳಿಸಿಕೊಂಡ. ಏನೋ ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡು ಒಳಗೆ ಹೋದ. ಆ ರಾತ್ರಿ ಮೂವರೂ ಬೇರೆ ಬೇರೆ ಹೊತ್ತಿನಲ್ಲಿ ಊಟ ಮಾಡಿದರು.

ಶನಿವಾರ ಬೆಳಕು ಹರಿಯುವ ಮೊದಲೇ ಚೋಟು ಗ್ಯಾರೇಜಿನಲ್ಲಿದ್ದಳು. ಅವಳಿಗೆ ಅರ್ಥವಾಗದೆ ಕಾಡುತ್ತಿದ್ದದ್ದು ಒಂದೇ: ಬುಧವಾರ ಒಂದು ತೊಟ್ಟೂ ಹೋಗದ ನೀರು ಶುಕ್ರವಾರ ಅರ್ಧ ಹೋದದ್ದು ಹೇಗೆ? ರಿಪೇರಿ ಮಾಡಿದ ಮೇಲೆ ರೋಗ ಹೆಚ್ಚಾಗಿತ್ತು. ನಿಂತ ಕಾರನ್ನು ಎಷ್ಟು ನೋಡಿದರೂ ಇದು ಸಿಗುವುದಿಲ್ಲ, ಏರಿನಲ್ಲೇ, ಬಿಸಿಯಾಗುವ ಹೊತ್ತಿನಲ್ಲೇ ಪಕ್ಕದಲ್ಲಿ ಕೂತು ನೋಡಬೇಕು ಎಂದು ತೀರ್ಮಾನಿಸಿದಳು. ನೀರಿನ ಕ್ಯಾನುಗಳನ್ನು ಡಿಕ್ಕಿಗೆ ತುಂಬಿ ಅತ್ತಿಗೆಯನ್ನು ಕರೆದಳು. ಅತ್ತಿಗೆ ಮಾತಾಡದೆ ಬಂದು ಸ್ಟಿಯರಿಂಗ್ ಮುಂದೆ ಕೂತಳು.

"ನಾನೂ ಬರ್ತೀನಿ," ಎಂದ ಅಣ್ಣ.

ಇಬ್ಬರೂ ತಿರುಗಿ ನೋಡಿದರು. ಆ ಕಾರಿನಲ್ಲಿ ಅವನು ಒಮ್ಮೆಯೂ ಕೂತವನಲ್ಲ.

"ಅಂಗಡಿ?" ಎಂದಳು ಅತ್ತಿಗೆ.

"ಮಧ್ಯಾಹ್ನ ತೆಗೀತೀನಿ."

ಮುಂದಿನ ಸೀಟು ಮಡಚಿ, ಅವನು ಉದ್ದ ಕಾಲುಗಳನ್ನು ಎದೆಯವರೆಗೆ ಎಳೆದುಕೊಂಡು ಹಿಂದಿನ ಸೀಟಿನಲ್ಲಿ ಮುದುಡಿ ಕೂತ. ಕೋಟಿನ ಜೇಬಿನ ಮೇಲೆ ಒಂದು ಕೈ ಇತ್ತು. ದಾರಿಯುದ್ದಕ್ಕೂ ಅದನ್ನು ತೆಗೆಯಲಿಲ್ಲ.

ಬೆಟ್ಟದ ಬುಡದಲ್ಲಿ ಮುಳ್ಳು ನಡುವಿನಲ್ಲಿತ್ತು. ಏರು ಶುರುವಾಯಿತು. ಅತ್ತಿಗೆ ಗೇರು ಇಳಿಸಿ ಕಾಲು ಒತ್ತಿದಳು. ಸೂಪರ್‌ಚಾರ್ಜರಿನ ಸಿಳ್ಳೆ ಕಾರಿನೊಳಗೆಲ್ಲ ತುಂಬಿತು. ಒಂದು ಬದಿ ಕೊರೆದ ಬಂಡೆ, ಇನ್ನೊಂದು ಬದಿ ಮೊಣಕಾಲೆತ್ತರದ ಕಲ್ಲಿನ ಗೋಡೆ, ಅದರಾಚೆ ಬರೀ ಗಾಳಿ. ಅಷ್ಟರಲ್ಲಿ ಮುಳ್ಳು ಮೇಲೇಳತೊಡಗಿತು.

"ಹೀಟರ್ ಪೂರ್ತಿ ತಿರುಗಿಸಿ," ಎಂದಳು ಚೋಟು.

"ಈ ಸೆಕೇಲಿ ಹೀಟರಾ?" ಹಿಂದಿನಿಂದ ಅಣ್ಣ.

"ಅದೂ ಒಂದು ಪುಟ್ಟ ರೇಡಿಯೇಟರೇ ಅಣ್ಣ. ಎಂಜಿನ್ನಿನ ಬಿಸಿ ಸ್ವಲ್ಪ ನಮ್ಮ ಮೇಲೆ ಬರುತ್ತೆ. ತಡ್ಕೋ."

ಬಿಸಿಗಾಳಿ ಮುಖಕ್ಕೆ ರಾಚಿತು. ಮೂವರೂ ಬೆವರಿನಲ್ಲಿ ತೊಯ್ದರು. ಚೋಟು ಒಂದು ಅಂಗೈಯನ್ನು ಗಾಳಿ ಬರುವ ಕಿಂಡಿಗೆ ಹಿಡಿದೇ ಇದ್ದಳು. ಕನ್ನಡಿಯಲ್ಲಿ ಜಲ್ಲಿಕಲ್ಲು ತುಂಬಿದ ಲಾರಿಯೊಂದು ಕಾಣಿಸಿತು. ಬಿಸಿಗೆ ಕಾರಿನ ವೇಗ ಕುಂದಿತ್ತು; ಲಾರಿ ದುಡಿಯುತ್ತಾ, ಕೆಮ್ಮುತ್ತಾ ಇವರ ಬೆನ್ನಿಗೇ ಬರುತ್ತಿತ್ತು. ಮುಳ್ಳು ಕೆಂಪು ಮುಟ್ಟಿತು.

"ನಿಲ್ಸು," ಎಂದ ಅಣ್ಣ.

"ಎಲ್ಲಿ ನಿಲ್ಲಿಸ್ಲಿ? ಹಿಂದೆ ಲಾರಿ ನೋಡ್ರೀ!" ಅತ್ತಿಗೆಯ ಬೆರಳುಗಳು ಸ್ಟಿಯರಿಂಗಿನ ಮೇಲೆ ಬಿಳಿಚಿದ್ದವು. "ಈ ಏರಲ್ಲಿ ಅವನು ಬ್ರೇಕ್ ಹಾಕಿದ್ರೆ ಮತ್ತೆ ಎತ್ತೋಕಾಗಲ್ಲ, ಅದಕ್ಕೇ ಹಾಕಲ್ಲ. ನಮ್ಮ ಮೇಲೇ ಬರ್ತಾನೆ."

"ಮುಂದಿನ ತಿರುವಲ್ಲಿ ಜಾಗ ಇದೆ," ಎಂದಳು ಚೋಟು. "ಕಾಲು ಸ್ವಲ್ಪ ಹಗುರ ಮಾಡಿ. ಅಷ್ಟೇ. ಪೂರ್ತಿ ತೆಗೀಬೇಡಿ."

ಕಿಂಡಿಯ ಗಾಳಿ ಇದ್ದಕ್ಕಿದ್ದಂತೆ ತಣ್ಣಗಾಯಿತು. ಬೆಂದ ಸಿಹಿಯಂಥ ವಾಸನೆ ಮೂಗಿಗೆ ಬಡಿಯಿತು. ರೇಡಿಯೇಟರಿನ ನೀರಿಗೆ ಬೆರೆಸಿದ ಕೂಲೆಂಟ್ ಹೊರಗೆ ಬರುತ್ತಿತ್ತು. ಬಾನೆಟ್ಟಿನ ಅಂಚಿನಿಂದ ಬಿಳಿ ಎಳೆಯೊಂದು ಎದ್ದು ಗಾಜಿನ ಮೇಲೆ ಹರಡಿತು. ಲಾರಿಯವನು ಹಾರ್ನಿನಿಂದ ಕೈ ತೆಗೆಯಲೇ ಇಲ್ಲ.

"ನಿಲ್ಸು ಅಂದೆ! ನಿಲ್ಸೇ!" ಅಣ್ಣ ಕಿರುಚಿದ. ಅವನ ಗಂಟಲಿನಿಂದ ಅಂಥ ದನಿ ಬರಬಹುದೆಂದು ಹೆಂಡತಿಗಾಗಲಿ ತಂಗಿಗಾಗಲಿ ಗೊತ್ತಿರಲಿಲ್ಲ.

ತಿರುವು ಬಂತು. ಅತ್ತಿಗೆ ಕಾರನ್ನು ಬಂಡೆಯ ಬದಿಯ ಅಗಲ ಜಾಗಕ್ಕೆ ಎಳೆದಳು. ಲಾರಿ ಅವರ ಕಿವಿಯ ಪಕ್ಕದಲ್ಲೇ ಗುಡುಗುತ್ತಾ ದಾಟಿಹೋಯಿತು. ಅವಳು ಕೀಲಿ ತಿರುಗಿಸಿ, ಹ್ಯಾಂಡ್ ಬ್ರೇಕ್ ಎಳೆದು, ಸ್ಟಿಯರಿಂಗಿಗೆ ಹಣೆ ಒತ್ತಿ ಕೂತಳು.

ಚೋಟು ಇಳಿದು ಸೀಟು ಮಡಚಿ, ಬಾನೆಟ್ ಎತ್ತಿದಳು. ಹಬೆ ಗುಪ್ಪೆಂದು ಎದ್ದಿತು. ಕಲ್ಲು ಹುಡುಕಿ ಚಕ್ರಕ್ಕೆ ಕೊಡಲು ಅವಳು ಬಗ್ಗಿದ್ದಳಷ್ಟೇ, ಅಣ್ಣ ಕಾರಿನಿಂದ ಹೊರಗೆ ಬಿದ್ದಂತೆ ಬಂದು ನೇರ ರೇಡಿಯೇಟರಿನ ಕಡೆ ನುಗ್ಗಿದ. ಒಂದು ಕೈಯಲ್ಲಿ ಕರವಸ್ತ್ರ. ಅದನ್ನು ಮುಚ್ಚಳದ ಮೇಲೆ ಹಾಕಿ ತಿರುಗಿಸಲು ಹಿಡಿದ.

"ಅಣ್ಣಾ!"

ಚೋಟು ಕಲ್ಲು ಬಿಟ್ಟು, ತನ್ನ ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಅವನ ಸೊಂಟಕ್ಕೆ ಗುದ್ದಿದಳು. ಇಬ್ಬರೂ ರಸ್ತೆಯ ಮೇಲೆ ಉರುಳಿದರು. ಅಷ್ಟರಲ್ಲಾಗಲೇ ಮುಚ್ಚಳ ಒಂದೆಳೆ ಸಡಿಲವಾಗಿತ್ತು. ಅಂಚಿನಿಂದ ಕುದಿನೀರು ಚಿಮ್ಮಿ ಅವನ ಮಣಿಕಟ್ಟಿಗೆ ತಾಗಿತು. ಇನ್ನೊಂದು ಸುತ್ತು ತಿರುಗಿದ್ದರೆ ಮುಖವೇ ಉಳಿಯುತ್ತಿರಲಿಲ್ಲ.

"ಹುಚ್ಚು ಹಿಡಿದಿದ್ಯಾ ನಿಂಗೆ? ಬಿಸಿ ಎಂಜಿನ್ನಿನ ಮುಚ್ಚಳ ತೆಗೀಬಾರ್ದು ಅಂತ ಹಾಲು ಕುಡಿಯೋ ಮಗೂಗೂ ಗೊತ್ತು! ಅಪ್ಪನ ಗ್ಯಾರೇಜಲ್ಲೇ ಬೆಳೆದವನಲ್ವಾ ನೀನು?"

ಅಣ್ಣನ ಕಣ್ಣು ರಸ್ತೆಯ ಮೇಲಿತ್ತು. ಬಿದ್ದ ರಭಸಕ್ಕೆ ಅವನ ಇನ್ನೊಂದು ಕೈಯಿಂದ ಜಾರಿದ ವಸ್ತುವೊಂದು ಠಣಠಣ ಎಂದು ಉರುಳಿಹೋಗಿ, ಕಾರಿನಿಂದ ಇಳಿದು ಬರುತ್ತಿದ್ದ ಅತ್ತಿಗೆಯ ಕಾಲ ಬಳಿ ನಿಂತಿತು. ಅತ್ತಿಗೆ ಬಗ್ಗಿ ಎತ್ತಿಕೊಂಡಳು. ರೇಡಿಯೇಟರಿನ ಮುಚ್ಚಳ.

"ಇದೇನು?" ಎಂದು ಗಂಡನನ್ನು ಕೇಳಿದಳು. ಅವಳು ಅದನ್ನು ಚೋಟುವಿಗೆ ಕೊಟ್ಟಳು.

ಚೋಟು ಹೆಬ್ಬೆರಳಿನಿಂದ ಸ್ಪ್ರಿಂಗು ಒತ್ತಿ ನೋಡಿದಳು. ಗಟ್ಟಿಯಾಗಿ ಎದುರು ನಿಂತಿತು. ಗುರುವಾರ ತಾನು ಹಾಕಿದ ಹೊಸ ಮುಚ್ಚಳ ಇದು. ಹಾಗಾದರೆ ಕಾರಿನ ಮೇಲಿರುವುದು? ಹಬೆಯ ಸಂದಿನಲ್ಲಿ ಅದೂ ಹೊಸದರ ಹಾಗೇ ಫಳಫಳ ಹೊಳೆಯುತ್ತಿತ್ತು. ನಿನ್ನೆ ತಾನೇ ಅದನ್ನು ತಿರುಗಿಸಿ ತೆಗೆದು ಮತ್ತೆ ಹಾಕಿದ್ದಳು, ಹೊಸದು ಎಂಬ ಒಂದೇ ಕಾರಣಕ್ಕೆ ಅದರತ್ತ ಸರಿಯಾಗಿ ಕಣ್ಣು ಹಾಯಿಸಿರಲಿಲ್ಲ.

"ಗುಜರಿ ಡಬ್ಬಿಗೆ ಹಾಕಿದ ಹಳೇದನ್ನ ಎತ್ಕೊಂಡ್ಯಾ?" ಎಂದಳು ಮೆಲ್ಲಗೆ. "ಕನ್ನಡಕ ಒರೆಸೋ ಬಟ್ಟೇಲಿ ಉಜ್ಜಿ ಉಜ್ಜಿ ಹೊಳೆಯೋ ಹಾಗೆ ಮಾಡಿ ಹಾಕ್ದೆ. ಅಲ್ವಾ?"

ಅಣ್ಣ ತಲೆಯಾಡಿಸಿದ.

ಅತ್ತಿಗೆಗೆ ಎಲ್ಲವೂ ತಿಳಿಯಲು ಒಂದು ಗಳಿಗೆ ಹಿಡಿಯಿತು. ತಿಳಿದ ಮೇಲೆ ಅವಳು ಕೂಗಾಡಲಿಲ್ಲ. ಕಲ್ಲಿನ ಗೋಡೆಯ ಮೇಲೆ ಹೋಗಿ ಕೂತಳು.

ಎಂಜಿನ್ ತಣಿಯುವವರೆಗೆ ಅಲ್ಲಿಂದ ಅಲುಗಾಡುವಂತಿರಲಿಲ್ಲ. ಈ ತಿರುವಿನಲ್ಲಿ ಫೋನಿಗೆ ಸಿಗ್ನಲ್ ಇಲ್ಲ, ನೆರಳಿಗೆ ಮರವಿಲ್ಲ, ಎದ್ದು ಹೋಗಲು ಬೇರೆ ಕೋಣೆಯಿಲ್ಲ. ಚೋಟು ಒಂದು ಕ್ಯಾನಿನ ನೀರನ್ನು ಅಣ್ಣನ ಮಣಿಕಟ್ಟಿನ ಮೇಲೆ ಸುರಿದಳು. ಕೆಂಪಗೆ ಬೊಬ್ಬೆ ಎದ್ದಿತ್ತು.

"ಯಾಕೆ ಮಾಡ್ದೆ?" ಎಂದಳು ಅತ್ತಿಗೆ. ಯಾವಾಗಲೂ 'ರೀ' ಎಂದು ಕರೆಯುತ್ತಿದ್ದವಳು ಏಕವಚನಕ್ಕೆ ಇಳಿದಿದ್ದಳು. ಅದು ಅಣ್ಣನಿಗೆ ಕುದಿನೀರಿಗಿಂತ ಜೋರಾಗಿ ತಾಗಿತು.

"ಹೋದ ವರ್ಷ ಓಟ ನೋಡೋಕೆ ಬಂದಿದ್ದೆ," ಎಂದ. "ನಿಂಗೆ ಹೇಳಿರ್ಲಿಲ್ಲ. ಒಂದು ಕಾರು ಗೋಡೆ ಹಾರಿ ಕೆಳಗೆ ಹೋಯ್ತು. ನನ್ನ ಕಣ್ಣೆದುರೇ. ಓಡಿಸ್ತಿದ್ದವನು ಬದುಕಿದ. ಬದುಕಿದ ಅಂತ ಹೇಳ್ಬೇಕು ಅಷ್ಟೇ. ಅವನ ಕನ್ನಡಕ ರಿಪೇರಿಗೆ ಅಂತ ಅವನ ಹೆಂಡ್ತಿ ನನ್ನ ಅಂಗಡಿಗೇ ತಂದ್ಳು. ನೀನು ಹೆಸರು ಕೊಟ್ಟ ದಿನದಿಂದ ನಂಗೆ ನಿದ್ದೆ ಇಲ್ಲ. ಕಾರು ಸರಿ ಹೋಗ್ದಿದ್ರೆ ನೀನೇ ಬಿಟ್ಬಿಡ್ತೀಯ ಅಂದ್ಕೊಂಡೆ. ಬರೀ ಮುಳ್ಳು ಏರುತ್ತೆ, ನೀನು ವಾಪಸ್ ಬರ್ತೀಯ, ಮುಗೀತು."

"ನಿನ್ನೆ ನನ್ನ ಕಣ್ಣಿಗೆ ರಸ್ತೇನೇ ಕಾಣಿಸ್ಲಿಲ್ಲ."

"ಗೊತ್ತು." ಎಂದ ಅವನು. "ಬೆಳಿಗ್ಗೆ ಎದ್ದು ಹೊಸದು ವಾಪಸ್ ಹಾಕೋಣ ಅಂತ ಹೋದೆ. ಚೋಟು ಆಗ್ಲೇ ಕಾರಿನ ಮುಂದೆ ನಿಂತಿದ್ಲು. ಅದಕ್ಕೇ ಜೊತೇಲಿ ಬಂದೆ."

"ನಿನ್ನೆ ಸಂಜೆ ಹಿಂಬಾಗಿಲಲ್ಲಿ ನಿಂತಿದ್ದೆ ನೀನು. ನಾನು ಇವಳಿಗೆ ಬಾಯಿಗೆ ಬಂದ ಹಾಗೆ ಅಂದೆ. ಕೇಳಿಸ್ಕೊಂಡು ಒಳಗೆ ಹೋದ್ಯಲ್ಲ."

ಅಣ್ಣ ತಲೆ ತಗ್ಗಿಸಿದ.

"ಬೇಡ ಅಂತ ಒಂದು ಮಾತು ಹೇಳ್ಬಹುದಿತ್ತು," ಎಂದಳು ಅತ್ತಿಗೆ.

"ಹೇಳಿದ್ರೆ ಕೇಳ್ತಿದ್ಯಾ?"

"ಕೇಳ್ತಿರ್ಲಿಲ್ಲ. ಆದ್ರೆ ನಿಂಗೆ ಹೆದರಿಕೆ ಅಂತ ನಂಗೆ ಗೊತ್ತಾಗಿರ್ತಿತ್ತು. 'ನಿನ್ನಿಷ್ಟ, ನಿನ್ನಿಷ್ಟ' ಅಂದ್ಕೊಂಡು ಒಳಗಿಂದ ಕತ್ತರಿ ಹಾಕ್ತಿದೀಯ ಅಂತ ನಂಗೇನು ಕನಸು ಬೀಳುತ್ತಾ?"

ಎಂಜಿನ್ ತಣಿಯುತ್ತಾ ಟಿಕ್, ಟಿಕ್ ಎನ್ನುತ್ತಿತ್ತು.

ಕೈ ಇಟ್ಟರೆ ತಡೆಯುವಷ್ಟು ತಣ್ಣಗಾದ ಮೇಲೆ ಚೋಟು ಹಳೆಯ ಮುಚ್ಚಳ ತೆಗೆದು, ಅಂಚಿನವರೆಗೆ ನೀರು ತುಂಬಿ, ಗಾಳಿ ಹೋಗಲು ಬಿಟ್ಟು, ಮತ್ತೆ ತುಂಬಿ, ಹೊಸದನ್ನು ಬಿಗಿದಳು. ಆದರೆ ಬಾನೆಟ್ ಮುಚ್ಚಲಿಲ್ಲ. ಹುಬ್ಬು ಗಂಟಿಕ್ಕಿ ನಿಂತಳು.

"ನಡಿ, ಕೆಳಗೆ ಹೋಗೋಣ," ಎಂದಳು ಅತ್ತಿಗೆ. "ರೋಗ ಗೊತ್ತಾಯ್ತಲ್ಲ."

"ಇಲ್ಲ ಅತ್ತಿಗೆ. ಮೇಲಕ್ಕೇ ಹೋಗ್ಬೇಕು."

"ಇನ್ನೂ ಹತ್ತಬೇಕಾ?"

"ಇವನು ಮುಚ್ಚಳ ಬದಲಾಯಿಸಿದ್ದು ಗುರುವಾರ ರಾತ್ರಿ. ಬುಧವಾರ ಬಿಸಿಯಾಗಿದ್ದು ಯಾಕೆ? ಆವತ್ತು ಕೆಂಪು ಮುಟ್ಟೋ ಮೊದ್ಲೇ ನಿಲ್ಲಿಸಿದ್ರಿ, ಅದಕ್ಕೇ ನೀರು ಹೋಗಿರ್ಲಿಲ್ಲ, ಆದ್ರೂ ಮುಳ್ಳು ಏರ್ತು. ಇವನ ಕಳ್ಳತನ ಸಿಕ್ತು. ನನ್ನದು ಇನ್ನೂ ಸಿಕ್ಕಿಲ್ಲ."

ಅತ್ತಿಗೆ ಅವಳ ಮುಖವನ್ನೇ ನೋಡಿದಳು. ಇಬ್ಬರನ್ನೂ ಬೆಟ್ಟದ ಮೇಲೆ ಬಿಟ್ಟು ನಡೆದೇ ಮನೆಗೆ ಹೋಗಿಬಿಡುತ್ತಾಳೇನೋ ಅನ್ನುವ ಹಾಗಿತ್ತು. ಕೊನೆಗೆ ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡು ಸ್ಟಿಯರಿಂಗ್ ಮುಂದೆ ಕೂತಳು. ಅಣ್ಣನೂ ಹಿಂದೆ ಮುದುಡಿಕೊಂಡ. ಅವನನ್ನು ಯಾರೂ ಬಾ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಈ ಸಲ ಹಿಂದೆ ಲಾರಿಯಿರಲಿಲ್ಲ. ಹೀಟರ್ ಮತ್ತೆ ಪೂರ್ತಿ. ಚೋಟುವಿನ ಅಂಗೈ ಕಿಂಡಿಯ ಮುಂದೆ. ಸುಡುವಷ್ಟು ಬಿಸಿ.

"ಒತ್ತಿ. ಓಟದ ದಿನ ಒತ್ತೋ ಹಾಗೇ ಒತ್ತಿ."

ಅತ್ತಿಗೆ ಕಾಲು ನೆಲಕ್ಕೆ ಒತ್ತಿದಳು. ಸಿಳ್ಳೆ ಕಿವಿಗೆ ಚುಚ್ಚುವಷ್ಟು ಏರಿತು, ಬೆನ್ನು ಸೀಟಿಗೆ ಅಂಟಿತು. ತಿರುವುಗಳು ಒಂದರ ಹಿಂದೊಂದು ಮೈಮೇಲೆ ಬಂದವು. ಮುಳ್ಳು ನಡುವಿನಿಂದ ಎದ್ದಿತು. ಅದೇ ಹೊತ್ತಿಗೆ ಕಿಂಡಿಯ ಗಾಳಿ ಉಗುರುಬೆಚ್ಚಗಾಯಿತು. ಮತ್ತೆ ತಣ್ಣಗೆ. ಮುಳ್ಳು ಏರುತ್ತಲೇ ಇತ್ತು. ಅಣ್ಣ ಮುಂದಿನ ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದ, ಆದರೆ ತುಟಿ ಬಿಚ್ಚಲಿಲ್ಲ.

"ಚೋಟು, ಕೆಂಪು ಹತ್ರ ಬಂತು!"

"ಇನ್ನೂ ಸ್ವಲ್ಪ... ಇನ್ನೂ ಸ್ವಲ್ಪ... ಈಗ ಕಾಲು ತೆಗೀರಿ! ಪೂರ್ತಿ ತೆಗೀರಿ!"

ಸಿಳ್ಳೆ ಇಳಿಯಿತು. ಕಿಂಡಿಯಿಂದ ಬಿಸಿಗಾಳಿ ಮತ್ತೆ ಧಗ್ಗನೆ ಬಂತು. ಚೋಟು ಕೈ ಹಿಂದಕ್ಕೆಳೆದುಕೊಂಡಳು, ಅಷ್ಟು ಬಿಸಿ. ಮುಳ್ಳು ಹಿಂಜರಿಯಿತು.

"ಸಿಕ್ತು," ಎಂದಳು. "ಸಿಕ್ತು ಅತ್ತಿಗೆ. ನೀರು ತುಂಬಿದೆ, ಎಂಜಿನ್ ಕುದೀತಿದೆ, ಆದ್ರೂ ಹೀಟರಿಗೆ ಬಿಸಿನೀರು ಬರ್ತಿಲ್ಲ. ಕಾಲು ತೆಗೆದ ಕೂಡ್ಲೇ ಬರುತ್ತೆ. ಅಂದ್ರೆ ಜೋರು ಮಾಡಿದಾಗ್ಲೆಲ್ಲ ನೀರು ತಳ್ಳೋ ಪಂಪು ನಿಧಾನ ಆಗ್ತಿದೆ. ಜೋರಾಗ್ಬೇಕಾದ್ದು ನಿಧಾನ ಆಗ್ತಿದೆ!"

ಮುಂದಿನ ಅಗಲ ಜಾಗದಲ್ಲಿ ನಿಲ್ಲಿಸಿ ಬಾನೆಟ್ ಎತ್ತಿದರು. ಎಲ್ಲಿ ನೋಡಬೇಕೆಂದು ಗೊತ್ತಾದ ಮೇಲೆ ಅದು ಕಣ್ಣಿಗೆ ಹೊಡೆಯುವಂತಿತ್ತು. ಸೂಪರ್‌ಚಾರ್ಜರಿಗೂ ಸೇರಿಸಿ ಚೋಟು ಹಾಕಿದ್ದ ಉದ್ದ ಬೆಲ್ಟು ಎಲ್ಲ ಪುಲ್ಲಿಗಳನ್ನೂ ಸುತ್ತಿ ಬರುತ್ತಿತ್ತು. ನೀರಿನ ಪಂಪಿನ ಪುಲ್ಲಿಯನ್ನು ಮಾತ್ರ ಬೆನ್ನಿನಿಂದ ಸವರಿಕೊಂಡು ಹೋಗುತ್ತಿತ್ತು. ಪಂಪಿನ ಸುತ್ತ ಕಪ್ಪು ರಬ್ಬರಿನ ಪುಡಿ. ಬೆಲ್ಟಿನ ಬೆನ್ನು ಗಾಜಿನಂತೆ ನುಣುಪು. ಸೂಪರ್‌ಚಾರ್ಜರ್ ಜೋರಾಗಿ ಎಳೆದಾಗಲೆಲ್ಲ ಬೆಲ್ಟು ಪಂಪಿನ ಮೇಲೆ ಜಾರುತ್ತಿತ್ತು. ಜಾರುವಾಗ ಕಿರುಗುಟ್ಟಿರಲೇಬೇಕು, ಆದರೆ ಸಿಳ್ಳೆಯಲ್ಲಿ ಅದು ಯಾರ ಕಿವಿಗೂ ಬಿದ್ದಿರಲಿಲ್ಲ.

"ಬೆಲ್ಟಿನ ದಾರಿ ಹಾಕಿದ್ದು ನಾನೇ," ಎಂದಳು ಚೋಟು. "ಮುಟ್ಟಿದ್ರೆ ಸಾಕು, ತಿರುಗುತ್ತೆ ಅಂದ್ಕೊಂಡಿದ್ದೆ. ನಿಮ್ಮನ್ನ ಇದರಲ್ಲಿ ಕೂರಿಸಿ ಕಳಿಸಿದ್ದೆ."

ಅಣ್ಣ ಬಂದು ಬಗ್ಗಿ ನೋಡಿದ. ಅವನ ಮುಖಕ್ಕೆ ಒಂದಿಷ್ಟು ಜೀವ ಬಂತು. "ಹಾಗಾದ್ರೆ... ನಾನು ಮುಚ್ಚಳ ಮುಟ್ಟದಿದ್ರೂ ಬಿಸಿ ಆಗ್ತಿತ್ತಲ್ಲ?"

ಚೋಟು ನೆಟ್ಟಗೆ ನಿಂತಳು. ಅಣ್ಣನ ಎದೆಗೆ ಬರುತ್ತಿದ್ದಳಷ್ಟೇ. "ಆಗ್ತಿತ್ತು. ಆದ್ರೆ ನೀರು ಉಕ್ಕಿ ಗಾಜು ಮುಚ್ತಿರ್ಲಿಲ್ಲ. ನಂದು ಗೊತ್ತಿಲ್ದೆ ಆಗಿದ್ದು, ನಿಂದು ಗೊತ್ತಿದ್ದೂ ಮಾಡಿದ್ದು. ಎರಡನ್ನೂ ಒಂದೇ ಗಂಟಲ್ಲಿ ಕಟ್ಬೇಡ ಅಣ್ಣ."

ಅವನು ಮತ್ತೆ ಹಿಂದಿನ ಸೀಟಿಗೆ ಹೋಗಿ ಕೂತ.

ಅಂದು ಅಣ್ಣ ಅಂಗಡಿ ತೆಗೆಯಲಿಲ್ಲ. ಮಧ್ಯಾಹ್ನ ಗ್ಯಾರೇಜಿನಲ್ಲಿ ಚೋಟು ದಪ್ಪ ತಗಡೊಂದನ್ನು ಕೊಯ್ದು, ತೂತು ಕೊರೆದು, ಪಂಪಿನ ಪಕ್ಕಕ್ಕೆ ಇನ್ನೊಂದು ಸಣ್ಣ ಪುಲ್ಲಿ ಕೂರಿಸಿದಳು. ಅದರ ಮೇಲೆ ಹಾದು ಬರುವ ಹೊಸ ಬೆಲ್ಟು ಈಗ ಪಂಪನ್ನು ಅರ್ಧ ಸುತ್ತು ಅಪ್ಪಿಕೊಳ್ಳುತ್ತಿತ್ತು. ಅತ್ತಿಗೆ ಪಕ್ಕದಲ್ಲಿ ದೀಪ ಹಿಡಿದು ನಿಂತಿದ್ದಳು.

"ನಿನ್ನೆ ಆಡಿದ ಮಾತು..." ಎಂದು ಶುರು ಮಾಡಿದಳು.

"ಹತ್ತೊಂಬತ್ತರ ಸ್ಪ್ಯಾನರ್ ಕೊಡಿ ಅತ್ತಿಗೆ. ಮಾತು ಆಮೇಲೆ ವಾಪಸ್ ತಗೊಳ್ಳೋರಂತೆ."

ಅತ್ತಿಗೆಗೆ ನಗು ಬಂತು. ಅವತ್ತಿಗೆ ಅದೇ ಮೊದಲ ನಗು. ಅಣ್ಣ ಹಿಂಬಾಗಿಲಲ್ಲಿ ನಿಂತೇ ಇದ್ದ. ಸ್ವಲ್ಪ ಹೊತ್ತಿನ ಮೇಲೆ ಅವನತ್ತ ತಿರುಗದೆಯೇ ಅತ್ತಿಗೆ ಹೇಳಿದಳು: "ಹೊಸಿಲ ಮೇಲೆ ನಿಂತ್ಕೊಂಡು ಬೆಳಕಿಗೆ ಅಡ್ಡ ಆಗ್ಬೇಡ. ಒಳಗಾದ್ರೂ ಬಾ, ಹೊರಗಾದ್ರೂ ಹೋಗು." ಅವನು ಒಳಗೆ ಬಂದ. ಸಣ್ಣ ಬೋಲ್ಟೊಂದು ಎಂಜಿನ್ನಿನ ಸಂದಿಗೆ ಬಿದ್ದಾಗ, ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡೇ, ತನ್ನ ಅಂಗಡಿಯ ಚಿಮಟದಿಂದ ಅದನ್ನು ಎತ್ತಿಕೊಟ್ಟ. ಯಾರೂ ಅವನಿಗೆ ಥ್ಯಾಂಕ್ಸ್ ಹೇಳಲಿಲ್ಲ.

ಸಂಜೆ ಮತ್ತೊಮ್ಮೆ ಬೆಟ್ಟ ಹತ್ತಿಸಿದರು. ತುದಿ ಮುಟ್ಟುವವರೆಗೂ ಮುಳ್ಳು ನಡುಗೆರೆಯ ಮೇಲೆ ಅಂಟಿಸಿದ ಹಾಗೆ ನಿಂತಿತ್ತು. ಮೂವರ ಕಣ್ಣೂ ಅದರ ಮೇಲೇ ಇದ್ದದ್ದರಿಂದ ಸೂರ್ಯ ಮುಳುಗಿದ್ದು ಯಾರಿಗೂ ತಿಳಿಯಲಿಲ್ಲ.

ಭಾನುವಾರ ಅತ್ತಿಗೆ ಓಡಿಸಿದಳು. ಬಹುಮಾನ ಬರಲಿಲ್ಲ, ಒಂದು ತಿರುವಿನಲ್ಲಿ ಗೇರು ತಪ್ಪಿಸಿ ಹಿಂದೆ ಬಿದ್ದಳು. ಆದರೆ ತುದಿಯಲ್ಲಿ ಕಾರಿನಿಂದ ಇಳಿದವಳ ಮುಖ ನೋಡಿದವರು ಗೆದ್ದವಳು ಇವಳೇ ಇರಬೇಕು ಅಂದುಕೊಂಡರು. ಅಣ್ಣ ಅಲ್ಲೇ ಕಾಯುತ್ತಿದ್ದ. ಬರುತ್ತೀಯಾ ಎಂದು ಅವಳು ಕೇಳಿರಲಿಲ್ಲ, ಬರುತ್ತೇನೆ ಎಂದು ಅವನೂ ಹೇಳಿರಲಿಲ್ಲ. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು, ತುಟಿಯೆಲ್ಲ ಕಚ್ಚಿ ಕಚ್ಚಿ ಬಿಳಿಚಿತ್ತು.

ವಾಪಸಾಗುವಾಗ ಅವನು ಮುಂದೆ ಕೂತ, ಚೋಟು ಹಿಂದೆ. ಬೆಟ್ಟ ಅರ್ಧ ಇಳಿದ ಮೇಲೆ ಅಣ್ಣ ಹೇಳಿದ:

"ಮುಂದಿನ ವರ್ಷ ನೀನು ಓಡಿಸೋದು ನಂಗಿಷ್ಟ ಇಲ್ಲ."

"ನಾನು ಓಡಿಸ್ತೀನಿ."

"ನಂಗಿಷ್ಟ ಇಲ್ಲ ಅಂದೆ."

"ಕೇಳಿಸ್ತು. ನಾನು ಓಡಿಸ್ತೀನಿ ಅಂದಿದ್ದು ನಿಮ್ಗೆ ಕೇಳಿಸ್ತಾ?"

"ಎರಡನೇ ತಿರುವಲ್ಲಿ ಎಷ್ಟು ಅಗಲ ಹೋದೆ ನೋಡಿದ್ಯಾ? ಗೋಡೆ ಇಷ್ಟು ದೂರ ಇತ್ತು, ಇಷ್ಟು!"

"ತುದೀಲಿ ನಿಂತವರಿಗೆ ಎರ್ಡನೇ ತಿರುವು ಎಲ್ಲಿಂದ ಕಾಣಿಸ್ತು ರೀ?"

"ಬೈನಾಕ್ಯುಲರ್ ತಂದಿದ್ದೆ!"

ದನಿಗಳು ಏರಿದವು. ಅಣ್ಣ ಡ್ಯಾಶ್‌ಬೋರ್ಡಿಗೆ ಗುದ್ದಿದ, ಸುಟ್ಟ ಕೈ ಎಂಬುದನ್ನು ಮರೆತು, "ಅಮ್ಮಾ" ಎಂದ. ಅತ್ತಿಗೆ ಅದನ್ನೂ ಬಿಡದೆ ಬೈದಳು. ಕಾರಿನ ಕಿಟಕಿಗಳು ತೆರೆದೇ ಇದ್ದುದರಿಂದ ದಾರಿಹೋಕರು ತಿರುಗಿ ತಿರುಗಿ ನೋಡಿದರು. ಹಿಂದಿನ ಸೀಟಿನಲ್ಲಿ ಚೋಟು ಮಂಡಿ ಮಡಚಿಕೊಂಡು, ಗ್ರೀಸಿನ ಕೈಗಳನ್ನು ಹೊಟ್ಟೆಯ ಮೇಲಿಟ್ಟುಕೊಂಡಳು. ಊರಿನ ಮೊದಲ ಮನೆಗಳು ಬರುವ ಹೊತ್ತಿಗೆ ಅವಳು ಗಾಢ ನಿದ್ದೆಯಲ್ಲಿದ್ದಳು, ಮುಂದಿನ ಸೀಟಿನಲ್ಲಿ ಜಗಳ ಇನ್ನೂ ನಡೆದೇ ಇತ್ತು.